ಒಗ್ಗರಣೆ ಕೊಡಿಸಿದ ಬಿಸಿಲು

ರಜೆಗೆ ಹೋದವರು ಸುಧಾರಿಸಿಕೊಂಡು ಬರುತ್ತಾರಂತೆ. ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ. ಎಲ್ಲಿಗೆ ಹೋದರೂ ಏನಾದರೊಂದು ಆಗಿಯೇ ತೀರುತ್ತದೆ, ಆಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ರಜೆ ಬೇಕಾಗುತ್ತದೆ. ನಾವಿರುವ ಐರ್ಲೆಂಡಿನ ಡ್ರೋಹೆಡಾದಲ್ಲಿ ಈಗ ಸಂಜೆ ಕಾಫಿ ಮುಗಿಯುವ ಮೊದಲೇ ಕತ್ತಲೆ. ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಒಣಹಾಕಿದ ಮಗಳ ಯೂನಿಫಾರ್ಮ್ ಒದ್ದೆಯೋ ಬರೀ ತಣ್ಣಗಿದೆಯೋ ತಿಳಿಯದೆ ಕೆನ್ನೆಗೆ ಒತ್ತಿ ನೋಡುತ್ತಾ ನಿಂತಾಗಲೆಲ್ಲ ಹೋದ ಚಳಿಗಾಲದ ಥಾಯ್ಲೆಂಡ್ ನೆನಪಾಗುತ್ತದೆ.

ಹೋಗಿದ್ದು ನನ್ನ ಸಲುವಾಗಿಯೇ. "ನಿಮ್ಮ ಮೈಯಲ್ಲಿ ವಿಟಮಿನ್ ಡಿ ಇಲ್ಲವೇ ಇಲ್ಲ, ಎಲ್ಲಾದರೂ ಹೋಗಿ ಸ್ವಲ್ಪ ಬಿಸಿಲು ಕಾಣಿ" ಎಂದಿದ್ದರು ಡಾಕ್ಟರಮ್ಮ. ನನಗೆ ಬೇಕಾಗಿದ್ದೂ ಅಷ್ಟೇ: ಬಿಸಿಲಲ್ಲಿ ಒಂದು ಕುರ್ಚಿ, ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡು ಕೂರಬೇಕು, ಯಾರೂ ಕೂಗಬಾರದು.

ಒಲೆ ಇರುವ ರೂಮು

ನಮ್ಮ ಮನೆಯವರು ಹುಡುಕಿ ಹುಡುಕಿ ಸಮುದ್ರದ ಪಕ್ಕದ ಹೋಟೆಲ್ ಬುಕ್ ಮಾಡಿದರು. "ನೋಡು, ರೂಮಿನಲ್ಲೇ ಒಲೆ ಇದೆ!" ಎಂದು ಬಂಗಾರದ ಬಳೆ ತಂದವರ ಹಾಗೆ ಫೋನು ತೋರಿಸಿದರು.

"ಒಲೆ ಇಲ್ಲೂ ಇದೆಯಲ್ಲ ರೀ?"

"ಅಮ್ಮನಿಗೆ ಹೊರಗಿನ ಊಟ ಆಗಲ್ಲ ಕಣೇ."

ಊರಿಂದ ಬಂದು ನಮ್ಮ ಜೊತೆಗಿದ್ದ ಅತ್ತೆ ಅಷ್ಟರಲ್ಲಿ ಒಗ್ಗರಣೆ ಸೌಟನ್ನು, ಬೀಚಿಗೆಂದೇ ನಾನು ಕೊಂಡಿದ್ದ ಹೊಸ ಟವೆಲಿನಲ್ಲಿ ಸುತ್ತಿ ಸೂಟ್‌ಕೇಸಿಗೆ ಇಟ್ಟಾಗಿತ್ತು. ಇಡೀ ರಜೆಯಲ್ಲಿ ಆ ಟವೆಲ್ ಮಾಡಿದ ಕೆಲಸ ಅದೊಂದೇ.

ಕೊಡೆ

ಹೋದ ದಿನವೇ ಕುರ್ಚಿ ಎಳೆದುಕೊಂಡು ಬಿಸಿಲಿಗೆ ಕೂತೆ. ಮುಖದ ಮೇಲೆ ನೆರಳು ಬಿತ್ತು. ಕಣ್ಣು ಬಿಟ್ಟರೆ ಅತ್ತೆ, ಕೈಯಲ್ಲಿ ಕೊಡೆ. ಐರ್ಲೆಂಡಿನ ಗಾಳಿಗೆ ತಿರುಗಿ ಮುರಿದೀತೆಂದು ಮಳೆಯಲ್ಲೂ ಬಿಚ್ಚದಿದ್ದ ಕೊಡೆ ಅದು.

"ಅತ್ತೆ, ಡಾಕ್ಟರೇ ಬಿಸಿಲಿಗೆ ಹೋಗು ಅಂದಿದ್ದಾರೆ."

"ಅವರಿಗೇನಮ್ಮ, ಬಿಳೀ ಜನ, ಒಂಚೂರು ಕಪ್ಪಾದರೂ ನಡೆಯುತ್ತೆ. ಬರೋ ಬೇಸಿಗೆಗೆ ನಿನ್ನ ತಂಗಿ ಮದುವೆ. ಫೋಟೋದಲ್ಲಿ ನೀನು ಎಲ್ಲಿದೀಯ ಅಂತ ಹುಡುಕಬೇಕಾಗುತ್ತೆ."

"ಹಲ್ಲು ಬಿಡ್ತೀನಿ ಅತ್ತೆ, ಸಿಕ್ತೀನಿ."

ಅತ್ತೆಯೂ ನಕ್ಕರು. ಕೊಡೆ ಮಾತ್ರ ಅಲ್ಲಾಡಲಿಲ್ಲ.

ಇಮ್ಮರ್ಶನ್

ಐರ್ಲೆಂಡಿನಲ್ಲಿ ದೇವರಿಗೆ ಹೆದರದವರೂ ಇಮ್ಮರ್ಶನ್ನಿಗೆ ಹೆದರುತ್ತಾರೆ. ಸ್ನಾನದ ನೀರು ಕಾಯಿಸುವ ಸ್ವಿಚ್ಚು ಅದು. ಆರಿಸಲು ಮರೆತರೆ ಕರೆಂಟ್ ಬಿಲ್ ನೋಡಿ ಎದೆ ಒಡೆಯುತ್ತದೆ. ನಮ್ಮ ಮನೆಯವರಿಗೆ ಐರಿಶ್ ಪಾಸ್‌ಪೋರ್ಟ್ ಇನ್ನೂ ಬಂದಿಲ್ಲ, ಆ ಭಯ ಮಾತ್ರ ಬಂದಿದೆ.

ಮಾರನೇ ದಿನ ಅತ್ತೆ ಮಲಗಿದ್ದು ನೋಡಿ, ಮಗಳನ್ನು ಇವರ ಕೈಗೆ ಕೊಟ್ಟು ಹೊರಟೆ. ಬಾಗಿಲು ದಾಟಿರಲಿಲ್ಲ.

"ಲೇ, ಇಮ್ಮರ್ಶನ್ ಆಫ್ ಮಾಡಿದ್ಯಾ?"

"ಕೊನೆಗೆ ಮನೆ ಬಿಟ್ಟವರು ನೀವು."

ಇವರ ಮುಖ ಬಿಳಿಚಿತು. ಮಗಳು ವಾಪಸ್ ನನ್ನ ಕಂಕುಳಿಗೆ ಬಂದಳು, ಇವರು ಫೋನು ಹಿಡಿದರು. ನಮ್ಮ ಬೀಗದ ಕೈ ಪಕ್ಕದ ಮನೆಯ ಐರಿಶ್ ಅಜ್ಜಿಯ ಹತ್ತಿರವಿತ್ತು. ಪಾಪ, ಅಲ್ಲಿನ್ನೂ ಬೆಳಕು ಹರಿದಿರಲಿಲ್ಲ. ಹೋಗಿ ನೋಡಿ ಫೋನು ಮಾಡಿದರು: "ಇಮ್ಮರ್ಶನ್ ಆಫ್ ಇದೆ, ಎಲ್ಲಾ ಗ್ರಾಂಡ್, ಏನೂ ತೊಂದರೆ ಇಲ್ಲ. ಬೀಗದ ಕೈ ಬೇಕಾಗಲೇ ಇಲ್ಲ, ನಿಮ್ಮ ಹಿತ್ತಲ ಬಾಗಿಲು ತೆಗೆದೇ ಇತ್ತು."

ಎರಡು ಡಿಗ್ರಿ ಮಾಡಿದ್ದಾರೆ ನಮ್ಮ ಮನೆಯವರು. ಹತ್ತನೇ ಕ್ಲಾಸಿಗೆ ನಿಲ್ಲಿಸಿದ ನನಗೆ ಬಾಗಿಲು ಹಾಕಲು ಬರುತ್ತದೆ. ಅದಕ್ಕಿಂತ ಮುಂದೆ ಓದಿದರೆ ಮರೆತುಹೋಗುತ್ತದೆಯೋ ಏನೋ.

ಸಾರು

ಹೀಗೇ ರಜೆ ಮುಗಿಯಿತು. ಬಿಸಿಲನ್ನು ಅಡುಗೆಮನೆ ಕಿಟಕಿಯಿಂದ ನೋಡಿದ್ದೇ ಬಂತು. ಕೊನೆಯ ದಿನ ಅತ್ತೆಗೆ ತಿಳಿಸಾರಿನ ಆಸೆಯಾಯಿತು. ನಾನು ಪಾತ್ರೆ ತೊಳೆಯುತ್ತಿದ್ದೆ, ಅವರು ಕಾದ ಎಣ್ಣೆಗೆ ಬ್ಯಾಡಗಿ ಮೆಣಸಿನಕಾಯಿ ಮುರಿದು ಹಾಕಿದರು. ಘಾಟು ಎದ್ದಿತು. ತಲೆಯ ಮೇಲಿನ ಅಲಾರಂ ಕಿರುಚಿತು, ಅದರ ಹಿಂದೆ ಇಡೀ ಹೋಟೆಲೇ ಕಿರುಚಿತು. ಒಲೆ ಆರಿಸಿ, ಮಗಳನ್ನು ಎತ್ತಿಕೊಂಡು, ಕೆಮ್ಮುತ್ತಾ ಕೆಳಗೆ ಓಡಿದೆವು. ಎಲ್ಲರನ್ನೂ ಸಮುದ್ರದ ದಂಡೆಗೆ ಕಳಿಸಿ, ಹೋಟೆಲಿನವರು ಒಂದೊಂದೇ ರೂಮು ನೋಡತೊಡಗಿದರು.

ಪಕ್ಕದಲ್ಲೇ ಒಂದು ಖಾಲಿ ಕುರ್ಚಿ. ಕೊಡೆ ರೂಮಿನಲ್ಲಿ, ಪಾತ್ರೆಗಳೂ ರೂಮಿನಲ್ಲಿ, ಇವರ ಫೋನೂ ರೂಮಿನಲ್ಲಿ. ಕೂತೆ. ಕಣ್ಣು ಮುಚ್ಚಿದೆ. ಬಿಸಿಲು ಮೂಳೆಯವರೆಗೆ ಇಳಿಯಿತು.

"ಹೋಗಿ ಇಂಗ್ಲಿಷಿನಲ್ಲಿ ಹೇಳಮ್ಮ, ಬೆಂಕಿ ಅಲ್ಲ, ನಮ್ಮ ಒಗ್ಗರಣೆ ಅಂತ" ಎಂದು ಅತ್ತೆ ಕಿವಿಯಲ್ಲಿ ಪಿಸುಗುಟ್ಟಿದರು. "ಪಾಪ, ಹುಡುಕ್ತಾ ಇದ್ದಾರೆ."

"ಹೇಳ್ತೀನಿ ಅತ್ತೆ. ನಮ್ಮದು ಕೊನೇ ಮಹಡಿ, ಅಲ್ಲೀತನಕ ಬರಲಿ."

"ಮಮ್ಮಿ ಈಸ್ ಸ್ಮೈಲಿಂಗ್!" ಎಂದು ಮಗಳು ಅಪ್ಪನನ್ನು ಕರೆದು ತೋರಿಸಿದಳು.

ಮೊನ್ನೆ ಇಲ್ಲಿ ಸಾರಿಗೆ ಒಗ್ಗರಣೆ ಹಾಕಿದೆ. ಮನೆಯ ಅಲಾರಂ ಕಿರುಚಿತು. ಹೊರಗೆ ಕತ್ತಲೆ, ಅಡ್ಡ ಮಳೆ. ಅದೇ ಬೀಚ್ ಟವೆಲ್ ಬೀಸಿ ಘಾಟು ಓಡಿಸುತ್ತಿದ್ದೆ. ಬೆನ್ನಿಗೆ ತಣ್ಣನೆ ಗಾಳಿ ಹೊಡೆಯಿತು. ತಿರುಗಿದರೆ ಹಿತ್ತಲ ಬಾಗಿಲು ಪೂರ್ತಿ ತೆರೆದಿದೆ. ಮಗಳು ಮಳೆಯಲ್ಲಿ ನಿಂತು, ತನ್ನ ಅಂಗಿಯ ತೋಳಿನಿಂದ ಪ್ಲಾಸ್ಟಿಕ್ ಕುರ್ಚಿ ಒರೆಸುತ್ತಾ ಕೂಗುತ್ತಿದ್ದಾಳೆ:

"ಕ್ವಿಕ್ ಮಮ್ಮಿ, ಕಮಾನ್! ಯುವರ್ ಹಾಲಿಡೇ ಈಸ್ ಆನ್!"