ಆರು ತಿಂಗಳೊಳಗೆ ತಂದರೆ ಸ್ಟಾಂಪು ವಾಪಸ್

ಇನ್ನು ಮೇಲೆ ಯಾವುದಕ್ಕೂ ಬೆಚ್ಚಿಬೀಳುವುದಿಲ್ಲ ಅಂತ ನಾನು ನಿರ್ಧಾರ ಮಾಡಿದಾಗಲೆಲ್ಲ ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಯಾರದೋ ಚಪ್ಪಲಿ ಸದ್ದಾಗುತ್ತಿತ್ತು.

ಹಲಸೂರಿನಲ್ಲಿ ಒಂದು ಬೇಕರಿಯ ಮಹಡಿ ಮೇಲೆ ವಕೀಲರೊಬ್ಬರ ಆಫೀಸು. ತೊಂಬತ್ತರ ದಶಕದಲ್ಲಿ ನಾನಲ್ಲಿ ಟೈಪಿಸ್ಟ್ ಆಗಿ ಸೇರಿದೆ. ಮನೆ, ಸೈಟು ಕೊಳ್ಳುವವರ ಕ್ರಯಪತ್ರ ಟೈಪ್ ಮಾಡುವುದು ನನ್ನ ಕೆಲಸ. ಆಗೆಲ್ಲ ರಿಜಿಸ್ಟ್ರಿಯ ತೆರಿಗೆ ಅಂದರೆ ಅಷ್ಟು ಬೆಲೆಯ ಸ್ಟಾಂಪ್ ಪೇಪರ್ ಕೊಳ್ಳುವುದು. ಹೆಚ್ಚಿಗೆ ಕೊಂಡಿದ್ದರೆ, ಇಲ್ಲವೇ ವ್ಯಾಪಾರ ಮುರಿದುಬಿದ್ದರೆ, ಆರು ತಿಂಗಳೊಳಗೆ ಆ ಕಾಗದಗಳನ್ನು ಸ್ಟಾಂಪ್ ಆಫೀಸಿಗೆ ಒಪ್ಪಿಸಿ ಅರ್ಜಿ ಕೊಡಬೇಕು. ಸ್ವಲ್ಪ ಮುರಿದುಕೊಂಡು ಉಳಿದದ್ದನ್ನು ವಾಪಸ್ ಕೊಡುತ್ತಿದ್ದರು. ಗಡುವು ದಾಟಿತೋ, ಅದು ಬರೀ ಕಾಗದ. ಹಾಗಾಗಿ ನಮ್ಮಲ್ಲಿಗೆ ಬರುವವರೆಲ್ಲ ಮನೆಗೆ ಬೆಂಕಿ ಬಿದ್ದವರ ಹಾಗೆ ಓಡಿಬರುತ್ತಿದ್ದರು.

ಹಾಳಾದದ್ದು ಯಾವುದು?

ಕೆ.ಆರ್.ಪುರದ ಆಚೆಯ ಹಳ್ಳಿಯ ಗೌಡರೊಬ್ಬರು ಪಕ್ಕದ ತೋಟ ಕೊಂಡರು. ಸ್ಟಾಂಪ್ ಪೇಪರ್ ತರಲು ದೊಡ್ಡ ಮಗನಿಗೆ ಹೇಳಿದರು. ಅವನು ಮರೆತಾನು ಅಂತ ಚಿಕ್ಕ ಮಗನಿಗೂ ಹೇಳಿದರು. ಇಬ್ಬರೂ ತಂದರು. ತೆರಿಗೆ ಎರಡು ಪಟ್ಟು ಕಟ್ಟಿದ ಹಾಗಾಯಿತು. ರಿಜಿಸ್ಟ್ರಿ ಮುಗಿದ ಮೇಲೆ ಉಳಿದ ಕಟ್ಟನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ನಮ್ಮ ಮೇಜಿನ ಮೇಲಿಟ್ಟರು.

ಬಿಚ್ಚಿ ನೋಡಿದರೆ ಪ್ರತಿ ಹಾಳೆಯ ನಾಲ್ಕು ಮೂಲೆಗೂ ಅರಿಶಿನ, ನಡುವೆ ಕುಂಕುಮ. ಲಕ್ಷ್ಮೀಪೂಜೆಯಲ್ಲಿ ಇಟ್ಟಿದ್ದರಂತೆ.

ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು. "ಸ್ಟಾಂಪು ಹೇಗೆ ಹಾಳಾಯಿತು?" ನಾನು ಅದನ್ನು ಓದಿದ್ದೇ ತಡ, ಗೌಡರು ಎದ್ದು ನಿಂತರು.

"ಯಾವ್ದಮ್ಮಾ ಹಾಳಾಗಿರೋದು? ಅರಿಶ್ಣ ಕುಂಕ್ಮ ಇಕ್ಕಿದ್ರೆ ಹಾಳಾಯ್ತದಾ? ನಮ್ಮನೇಲಿ ಹೆಣ್ಮಕ್ಳು ಕೇಳಿಸ್ಕಂಡ್ರೆ ಏನಂದಾರು?"

ಹೇಗೋ ಸಮಾಧಾನ ಮಾಡಿ ಸ್ಟಾಂಪ್ ಆಫೀಸಿಗೆ ಕರೆದುಕೊಂಡು ಹೋದೆವು. ಅಲ್ಲಿನ ಸಾಹೇಬರು ಪ್ರತಿ ಹಾಳೆಯ ಮೇಲೂ ಅಡ್ಡಗೆರೆ ಎಳೆದು 'ರದ್ದು' ಅಂತ ಬರೆಯಬೇಕು. ಪೆನ್ನು ಎತ್ತಿದವರು ಕುಂಕುಮ ನೋಡಿ ಕೆಳಗಿಟ್ಟುಬಿಟ್ಟರು. ಕಟ್ಟನ್ನು ಪಕ್ಕದಲ್ಲಿದ್ದ ಮುಸ್ಲಿಂ ಗುಮಾಸ್ತರ ಕಡೆ ತಳ್ಳಿ, "ನೀವೇ ಹಾಕ್ಬಿಡಿ ಸಾಬ್" ಅಂದರು.

ಗುಮಾಸ್ತರು ಕುರ್ಚಿ ಹಿಂದಕ್ಕೆಳೆದುಕೊಂಡರು. "ಪೂಜಾ ಕರೇ ಸೋ ಕಾಗಜ್ ಹೈ ಸಾರ್, ಪೂಜೆ ಮಾಡಿರೋ ಕಾಗ್ದ! ನಿಮ್ ದೇವ್ರು, ನೀವೇ ಮಾತಾಡ್ಕೊಳ್ಳಿ. ನಾನ್ಯಾಕೆ ಮಧ್ಯ ಬರ್ಲಿ?"

ಕೊನೆಗೆ ಹಾಳೆಗಳನ್ನೆಲ್ಲ ತಿರುವಿಹಾಕಿ ಹಿಂಭಾಗದಲ್ಲಿ 'ರದ್ದು' ಅಂತ ಬರೆದದ್ದಾಯಿತು. ಬರೆಯುವ ಮೊದಲು ಸಾಹೇಬರು ಮೇಜಿನ ಕೆಳಗೆ ಚಪ್ಪಲಿ ಬಿಟ್ಟಿದ್ದನ್ನು ನಾನೇ ಕಣ್ಣಾರೆ ಕಂಡೆ.

ಯಾರ ಅತ್ತೆ?

ಕಲಬುರಗಿ ಕಡೆಯ ದಂಪತಿ. ಗಂಡ ಕಟ್ಟಡದ ಮೇಸ್ತ್ರಿ. ಬಾಡಿಗೆ ಕೋಣೆಯಲ್ಲಿದ್ದುಕೊಂಡೇ ದುಡ್ಡು ಕೂಡಿಸಿ ಸೈಟಿಗೆ ಮಾತಾಡಿದ್ದರು. ಸ್ಟಾಂಪ್ ಪೇಪರ್ ಕೊಂಡ ಮೇಲೆ ಬೇಡ ಅಂದರು. ಯಾಕೆ ಬೇಡವಾಯಿತು ಅಂತ ಅರ್ಜಿಯಲ್ಲಿ ಬರೆಯಬೇಕಲ್ಲ? ಗಂಡ ಒಬ್ಬನೇ ಬಂದು ಮೆಲ್ಲಗೆ ಹೇಳಿದ. "ನಮ್ಮ ಅತ್ತಿ ಬಾಜೂ ಸೈಟ್ ತಗೊಂಡಾಳ್ರಿ. ಅದನ್ನ ಬರ್ಕೋರಿ."

"ಇದನ್ನೇ ಬರೀಲಾ?"

"ಸುಳ್ಳು ಬರದ್ರ ರೊಕ್ಕ ಕೊಡ್ತಾರೇನ್ರಿ?"

ಬರೆದೆ. ಅರ್ಜಿ ಕೊಡುವ ದಿನ ಹೆಂಡತಿಯೂ ಬಂದಳು, ಸೈಟು ಇಬ್ಬರ ಹೆಸರಿಗೂ ಆಗಬೇಕಿತ್ತು. ಸಾಹೇಬರು ಇಡೀ ಆಫೀಸಿಗೆ ಕೇಳುವ ಹಾಗೆ ಓದಿದರು. "ಅರ್ಜಿದಾರರ ಅತ್ತೆಯವರು ಪಕ್ಕದ ನಿವೇಶನವನ್ನು ಖರೀದಿಸಿರುವುದರಿಂದ..."

ಅವಳ ಹೆತ್ತ ತಾಯಿಯ ಮೇಲೆ ಹೀಗೆ ಬರೆಸಿದ್ದಾನೆ, ಇಲ್ಲೇ ಜಗಳ ಶುರುವಾಗುತ್ತೆ ಅಂತ ನಾನು ಬಾಗಿಲ ಕಡೆ ಸರಿದೆ. ಸಾಹೇಬರು ಅವಳ ಕಡೆ ತಿರುಗಿ, "ಏನಮ್ಮಾ, ನಿಮ್ಮ ತಾಯಿ ಬಗ್ಗೆ ಹೀಗ್ ಬರ್ದಿದ್ದಾರಲ್ಲ, ನಿಮಗೆ ಒಪ್ಪಿಗೇನಾ?" ಅಂದರು.

"ಹೂಂರೀ, ಬ್ಯಾಡ ಅಂದಾಕಿ ನಾನss" ಅಂದಳು. "ನಮ್ಮವ್ವ ಯಾವಾಗ್ಲೂ ಅಳಿಯಂದೇ ಸೈಡ್ ಹಿಡೀತಾಳ್ರಿ. ಬಾಜೂಕ ಬಂದ್ರ ನನ್ನ ಕತಿ ಮುಗೀತು. ಇವಂಗೇನ್ರಿ, ಇಂವ ಆ ಸೈಟ್ ಬೇಕss ಬೇಕು ಅಂತ ಅಳ್ಲಿಕ್ ಹತ್ತಿದ್ದ!"

ಹೂವಿನಮ್ಮನ ಮುಂಜಾಗ್ರತೆ

ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರದ ಹೆಂಗಸು, ತಮಿಳು ಬೆರೆಸಿದ ಕನ್ನಡ. ಅವಳು ಮಾತಾಡಿದ್ದ ಸೈಟಿನ ವ್ಯಾಪಾರವೂ ಮುರಿದುಬಿದ್ದಿತ್ತು, ಗಡುವು ಹತ್ತಿರ ಬಂದಿತ್ತು. ಚೀಲದಿಂದ ಸ್ಟಾಂಪ್ ಪೇಪರ್ ತೆಗೆದಳು. ಫಳಫಳ ಹೊಳೆಯಿತು. ಒಂದೊಂದು ಹಾಳೆಗೂ ಲ್ಯಾಮಿನೇಷನ್ ಮಾಡಿಸಿದ್ದಳು!

"ಅಯ್ಯೋ, ಯಾಕಮ್ಮಾ ಹೀಗ್ ಮಾಡಿದ್ರಿ?"

"ಏನ್ಮಾ ಮಾಡೋದು, ನಮ್ದು ಹೂವು ಸಾಯಂಕಾಲಕ್ಕೇ ಬಾಡೋಗುತ್ತೆ. ಇದಾದ್ರೂ ಇರ್ಲಿ ಅಂತ."

ಸ್ಟಾಂಪ್ ಆಫೀಸಿನಲ್ಲಿ ಪೆನ್ನಿನಲ್ಲಿ ಗೆರೆ ಎಳೆದರು, ಅಳಿಸಿಹೋಯಿತು. ಸೀಲು ಒತ್ತಿದರು, ಜಾರಿತು. ತೂತು ಹೊಡೆದು ರದ್ದು ಮಾಡೋಣ ಅಂತ ಪಂಚಿಂಗ್ ಮಷೀನ್ ತಂದರು, ಅದರ ಹಿಡಿಯೇ ಮುರಿದು ಸಾಹೇಬರ ಕೈಗೆ ಬಂತು. ಜವಾನ ಎಲ್ಲಿಂದಲೋ ಸುತ್ತಿಗೆ, ಮೊಳೆ ತಂದು ನೆಲದ ಮೇಲೆ ಕೂತು ಒಂದೊಂದೇ ಹಾಳೆಗೆ ತೂತು ಹೊಡೆದ. ಬೆವರು ಒರೆಸಿಕೊಳ್ಳುತ್ತಾ ಸಾಹೇಬರು, "ಆಯ್ತು ಹೋಗಮ್ಮ, ದುಡ್ಡು ಬರುತ್ತೆ" ಅಂದರು.

ಅವಳು ಹೋಗಲಿಲ್ಲ.

"ಸಾರ್, ಲ್ಯಾಮಿನೇಷನ್ ದುಡ್ಡೂ ಇದ್ರಲ್ಲೇ ಸೇರಿಸ್ಕೊಡ್ತೀರಾ?"

ಬಾಯಿ ಬಿಡಬೇಡಿ

ಇದು ಎರಡು ಸಾವಿರ ಇಸವಿ ಆಸುಪಾಸಿನದು. ಇಂದಿರಾನಗರದ ಇಬ್ಬರು ಹಿರಿಯರು, ಒಂದೇ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು, ಅಕ್ಕಪಕ್ಕದ ಮನೆ. ಎಡಗಡೆ ಮನೆಯವರು ತಮ್ಮ ಹಿತ್ತಲಿನ ಜಾಗವನ್ನು ಬಲಗಡೆಯವರಿಗೆ ಮಾರಲು ಒಪ್ಪಿದ್ದರು. ಆ ಜಾಗದಲ್ಲೊಂದು ತೆಂಗಿನಮರ. "ನಾನಿರೋವರೆಗೂ ಕಾಯಿ ನಂದು, ಹಾಗಂತ ಪತ್ರದಲ್ಲಿ ಬರೀಬೇಕು" ಅಂದರು ಮಾರುವವರು. "ಜಾಗ ನಂದಾದ್ಮೇಲೆ ಕಾಯಿ ನಿಂದು ಹೇಗೋ?" ಅಂದರು ಕೊಳ್ಳುವವರು. ಅಲ್ಲಿಗೆ ವ್ಯಾಪಾರವೂ ನಿಂತಿತು, ಮಾತೂ ನಿಂತಿತು.

ಕೊಳ್ಳುವವರಿಗೆ ಸ್ಟಾಂಪ್ ಪೇಪರ್ ನೆನಪಾಗಿದ್ದು ಗಡುವಿನ ಕೊನೇ ದಿನ. ಮಾರುವವರೂ ಬಂದು ವ್ಯಾಪಾರ ರದ್ದಾಗಿದೆ ಅಂತ ಸಹಿ ಹಾಕಬೇಕು ಅಂದರು ಸ್ಟಾಂಪ್ ಆಫೀಸಿನವರು. ನಮ್ಮ ವಕೀಲರೇ ಹೋಗಿ ಕೈಮುಗಿದು ಕರೆತಂದರು. ಒಂದೇ ಬೆಂಚಿನ ಮೇಲೆ ಇಬ್ಬರೂ, ನಡುವೆ ನಾನು.

"ಪೆನ್ ಕೊಡೋಕ್ ಹೇಳಮ್ಮ ಅವ್ರಿಗೆ."

"ಅವ್ರ ಜೇಬಲ್ಲೇ ಇದೆ, ನೋಡ್ಕೊಳ್ಳೋಕ್ ಹೇಳಮ್ಮ."

ಸಹಿ ಬಿತ್ತು. ಹಾಳೆಗಳ ಮೇಲೆಲ್ಲ 'ರದ್ದು' ಬಿತ್ತು. ಕೆಲಸ ಮುಗಿದ ಸಮಾಧಾನದಲ್ಲಿ ವಕೀಲರು ಎಲ್ಲರನ್ನೂ ಕೆಳಗಿನ ಕ್ಯಾಂಟೀನಿಗೆ ಕರೆದೊಯ್ದರು. ಕಾಫಿ ಬಂತು. ಮಾರುವವರು ಸಕ್ಕರೆಗೆ ಕೈ ಹಾಕಿದ್ದೇ ತಡ, ಕೊಳ್ಳುವವರು ಗದರಿದರು. "ಏಯ್, ಶುಗರ್ ಇಟ್ಕೊಂಡು ಏನೋ ಅದು? ಇಡು ಕೆಳಗೆ!"

ಮಾರುವವರ ಕೈ ಅಲ್ಲೇ ನಿಂತಿತು. ಚಮಚ ಕೆಳಗಿಟ್ಟರು. "ನಮ್ಮನೆಯವಳು ಹೋದ್ಮೇಲೆ ನಂಗೆ ಬೇಡ ಅನ್ನೋರೇ ಇರ್ಲಿಲ್ಲ ಕಣೋ" ಅಂದರು. ಕೊಳ್ಳುವವರು ಮುಖ ಆಚೆ ತಿರುಗಿಸಿ ಕನ್ನಡಕ ಒರೆಸಿಕೊಂಡರು.

"ತಗೊಳ್ಳೋ ಜಾಗನ. ಕಾಯಿ, ಮರ ಎಲ್ಲಾ ನಿಂದೇ. ನಡಿ, ಈಗ್ಲೇ ಬರ್ಸೋಣ!" ಅಂದರು ಮಾರುವವರು.

ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಸ್ಟಾಂಪ್ ಪೇಪರ್ ವಾಪಸ್ ಕೇಳಿದರು. "ರದ್ದಾಗೋಯ್ತಲ್ಲ ಸಾರ್" ಅಂದ ಗುಮಾಸ್ತ.

"ಯಾರ್ರೀ ಅದಕ್ಕೆ ಸೈನ್ ಹಾಕಿದ್ದು?" ಅಂತ ಗುಡುಗಿದರು ಮಾರುವವರು.

"ನೀವೇ ಸಾರ್, ಈಗ ತಾನೇ."

"ಕೋಪದಲ್ಲಿ ಹಾಕಿದ್ದು ಅಂತ ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ?"

ಆಗದ ಮಾತು. ಮಾರನೇ ದಿನ ಹೊಸ ಸ್ಟಾಂಪ್ ಪೇಪರ್ ಕೊಂಡರು. ನಾನು ಪತ್ರ ಟೈಪ್ ಮಾಡುತ್ತಿರುವಾಗಲೇ, ಹಳೇ ಸ್ಟಾಂಪಿನಲ್ಲಿ ಮುರಿದುಕೊಂಡ ದುಡ್ಡು ಯಾರ ಲೆಕ್ಕಕ್ಕೆ ಅಂತ ಹೊಸ ಜಗಳ ಎದ್ದಿತು. ನಮ್ಮ ವಕೀಲರು ಬೆಚ್ಚಿಬಿದ್ದು ಇಬ್ಬರನ್ನೂ ಆಟೋಗೆ ಹತ್ತಿಸಿದರು. "ದಮ್ಮಯ್ಯ ಅಂತೀನಿ, ರಿಜಿಸ್ಟ್ರಿ ಆಗೋವರೆಗೂ ಇಬ್ರೂ ಬಾಯಿ ಬಿಡಬೇಡಿ!"

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಬ್ಬರೂ ತುಟಿ ಬಿಗಿದು ಕೂತರು. ಎಲ್ಲ ಸುಸೂತ್ರವಾಗಿ ಸಾಗಿತು. ಕೊನೆಗೆ ಸಬ್ ರಿಜಿಸ್ಟ್ರಾರ್ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಕೇಳಿದರು. "ಈ ಜಾಗನ ನಿಮ್ಮ ಸ್ವಂತ ಇಷ್ಟದಿಂದ ಮಾರ್ತಿದ್ದೀರಾ?"

ಮಾರುವವರು ಉತ್ತರ ಕೊಡಲಿಲ್ಲ.

"ಯಜಮಾನ್ರೇ, ನಿಮ್ಮನ್ನೇ ಕೇಳ್ತಿರೋದು. ಇಷ್ಟ ಇದೆಯೋ ಇಲ್ವೋ?"

ಅವರು ನಮ್ಮ ವಕೀಲರ ಮುಖ ನೋಡಿದರು. ವಕೀಲರು ಹೇಳಿ, ಹೇಳಿ ಅಂತ ಕಣ್ಣಲ್ಲೇ ಒದ್ದಾಡಿದರು. ಅದನ್ನು ಹೇಗೆ ಅರ್ಥ ಮಾಡಿಕೊಂಡರೋ, ಮಾರುವವರು ಕೊನೆಗೂ ಬಾಯಿ ತೆರೆದರು.

"ಏನೂ ಮಾತಾಡ್ಬೇಡಿ ಅಂತ ಲಾಯರ್ ಹೇಳಿದ್ದಾರೆ ಸಾರ್. ಆಟೋದಲ್ಲಿ ಕೂರಿಸ್ಕೊಂಡು ಬಂದಿದ್ದೂ ಅವ್ರೇ."

ಸಬ್ ರಿಜಿಸ್ಟ್ರಾರ್ ಪೆನ್ನಿನ ಮುಚ್ಚಳ ಹಾಕಿದರು.