ಒಂದು ಸಾಲು ಬಿಟ್ಟ ಶುಭಾಶಯ

ಹಬ್ಬದ ಶುಭಾಶಯ ಬರೆಯುವುದರಲ್ಲಿ ನನ್ನನ್ನು ಮೀರಿಸುವವನು ಮಲೇಷ್ಯಾದ ಸೆರಂಬಾನಿನ ಈ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ! ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ. ನಮ್ಮ ಚೀನೀ ಹೊಸವರ್ಷಕ್ಕೆ ಎಲ್ಲರಿಗೂ ಕೆಂಪು ಕಾರ್ಡು ಕಳಿಸುತ್ತೇನೆ. ಸಾವಾದ ಮನೆಗೆ ಮಾತ್ರ ಆ ವರ್ಷ ಕಳಿಸುವುದಿಲ್ಲ. ನಮ್ಮ ಪಂಚಾಂಗದಲ್ಲಿ ನಾಯಿಯ ವರ್ಷ ಬಂದಾಗ, ನಾಯಿ ಆಗದ ಮಲಯ್ ಮುಸ್ಲಿಮರ ಮನೆಗಳ ಕಾರ್ಡಿನಲ್ಲಿ ನಾಯಿಯ ಜಾಗಕ್ಕೆ ಕಿತ್ತಳೆ ಹಣ್ಣು ಬಿಡಿಸಿದವನು ನಾನು. ಎದುರುಮನೆ ಗುರ್ಚರಣ್ ಸಿಂಗರಿಗೆ ವೈಶಾಖಿಯ ಶುಭಾಶಯವನ್ನು ಅವರ ಲಿಪಿಯಲ್ಲೇ ಬರೆಯಲು ಕಲಿತೆ. ಮೇಷ್ಟ್ರಾಗಿ ನಿವೃತ್ತನಾದವನಿಗೆ ಇನ್ನೇನು ಕೆಲಸ ಹೇಳಿ.

ಈ ಸಲದ ರಾಯ ಹಬ್ಬಕ್ಕೆ, ಅಂದರೆ ಮಲಯ್ ಜನರ ರಂಜಾನ್ ಈದಿಗೆ, ಮಾತ್ರ ಒಂದು ಭೀಷ್ಮಪ್ರತಿಜ್ಞೆ ಮಾಡಿದ್ದೆ. ಪಕ್ಕದ ಮನೆ ಜುನೈದಿಗೆ ಕಾರ್ಡು ಕಳಿಸುತ್ತೇನೆ, ಕ್ಷಮೆಯ ಸಾಲು ಬರೆಯುವುದಿಲ್ಲ! ರಾಯ ಹಬ್ಬದ ಶುಭಾಶಯವೆಂದರೆ ಕೊನೆಯಲ್ಲಿ “ನಮ್ಮಿಂದಾದ ತಪ್ಪನ್ನೆಲ್ಲ ಕ್ಷಮಿಸಿ” ಎಂದು ಇರಲೇಬೇಕು. ಮಂತ್ರಿಯಿಂದ ಹಿಡಿದು ಮೀನು ಮಾರುವವನವರೆಗೆ ಎಲ್ಲರೂ ಬರೆಯುತ್ತಾರೆ. ನಾನೇಕೆ ಬರೆಯಲಿ? ತಪ್ಪು ಮಾಡಿದವನು ಅವನು! ಇಬ್ಬರ ಅಂಗಳಕ್ಕೂ ಚಾಚಿಕೊಂಡು ಮೈತುಂಬ ಹೂಬಿಟ್ಟಿದ್ದ ನನ್ನ ರಂಬುಟಾನ್ ಹಣ್ಣಿನ ಮರದ ಕೊಂಬೆಯನ್ನು ನಾನು ಊರಲ್ಲಿಲ್ಲದಾಗ ಕಡಿದು ಹಾಕಿದ. ಅವನ ಹೊಸ ಕಾರಿನ ಮೇಲೆ ಎಲೆ ಉದುರುತ್ತಿತ್ತಲ್ಲ, ಅದಕ್ಕೇ ಇರಬೇಕು. ಗೋಡೆಯ ಮೇಲಿಂದ ನಾನು ಬಾಯಿಗೆ ಬಂದಂತೆ ಬೈದೆ. “ಕಡಿದೆ ಮೇಷ್ಟ್ರೇ” ಎಂದನೇ ಹೊರತು ಏಕೆಂದು ಬಾಯಿ ಬಿಡಲಿಲ್ಲ. ಎಂಥ ಕೊಬ್ಬು ನೋಡಿ!

ಅಂದಿನಿಂದ ಮಾತಿಲ್ಲ ಕತೆಯಿಲ್ಲ. ನನ್ನ ಹೆಂಡತಿ ಯೊಕ್ ಲಿನ್ ಕೂಡ ಆ ಮನೆಯ ಹೊಸ್ತಿಲು ತುಳಿಯಕೂಡದೆಂದು ಕಟ್ಟಪ್ಪಣೆ ಮಾಡಿದೆ. ಅವಳೂ ಜುನೈದಿಯ ಹೆಂಡತಿ ರೊಹಾನಾಳೂ ಪ್ರತಿ ಹಬ್ಬಕ್ಕೂ ಒಟ್ಟಿಗೆ ಕೂತು ಬಿಸ್ಕತ್ತು ಮಾಡುತ್ತಿದ್ದರು. ಈ ಸಲ ಇವಳು ಒಬ್ಬಳೇ ಕೂತು ಮಾಡಿದಳು, ಅರ್ಧ ಸೀದುಹೋಯಿತು.

ಹಾಗೆಂದು ಕಾರ್ಡೇ ಕಳಿಸದಿದ್ದರೆ ಬೀದಿಯಲ್ಲಿ ನನ್ನ ಹೆಸರೇನಾಗಬೇಕು? ಬರೆದು ಇವಳ ಕೈಗೆ ಕೊಟ್ಟೆ.

“ಕೊನೇ ಸಾಲು ಬಿಟ್ಟೋಗಿದೆ ರೀ.”

“ಬಿಟ್ಟೋಗಿಲ್ಲ, ಬಿಟ್ಟಿದೀನಿ.”

“ಉಪ್ಪಿಲ್ಲದ ಸಾರಿದ್ದಂಗಿದೆ.”

“ಕುಡೀಲಿ ಬಿಡು.”

ಅವಳು ಕಾರ್ಡನ್ನು ಅವರ ಗೇಟಿನ ಡಬ್ಬಕ್ಕೆ ಹಾಕಿ ಬಂದಳು.

ಹಬ್ಬದ ಬೆಳಿಗ್ಗೆ ನೋಡುತ್ತೇನೆ, ಹೊಸ ಬಟ್ಟೆ ತೊಟ್ಟ ಜುನೈದಿ ಒಂದು ಕೈಯಲ್ಲಿ ಪಾತ್ರೆ, ಇನ್ನೊಂದರಲ್ಲಿ ನನ್ನ ಕಾರ್ಡು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ!

“ಓದಿ ಮನಸ್ಸು ತುಂಬಿ ಬಂತು ಮೇಷ್ಟ್ರೇ. ನಾನು ಎಲ್ಲ ಕ್ಷಮಿಸಿದೀನಿ.”

ಕ್ಷಮಿಸಿದ್ದಾನಂತೆ! ನನ್ನನ್ನು! ಕೊಂಬೆ ಕಡಿದವನು ಕೊಂಬೆ ಕಳೆದುಕೊಂಡವನನ್ನು ಕ್ಷಮಿಸುವುದು ಯಾವ ಸೀಮೆ ನ್ಯಾಯ? ಮಧ್ಯಾಹ್ನದೊಳಗೆ ಇಡೀ ಬೀದಿ ನಾನೇ ಇವನ ಕಾಲಿಗೆ ಬಿದ್ದೆನೆಂದು ಆಡಿಕೊಳ್ಳುತ್ತದೆ. ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಕ್ಷಮೆ ಕೇಳಿಯೇ ಇಲ್ಲವೆಂದು ಕೂಗಾಡಿ ಕಾರ್ಡು ಕಸಿದುಕೊಂಡೆ. ನನ್ನ ಗುಂಡಗಿನ ಅಕ್ಷರಗಳ ಕೆಳಗೆ, ಓರೆ ಅಕ್ಷರದಲ್ಲಿ, ಆ ಸಾಲು ಕೂತಿತ್ತು. ಆ ಓರೆ ಅಕ್ಷರ ನಮ್ಮ ಮನೆಯ ಸಂತೆ ಚೀಟಿಯಲ್ಲಿ ದಿನಾ ನೋಡುವಂಥದ್ದೇ.

“ಅದು ನಾನು ಬರೆದದ್ದು. ನನ್ನ ತಪ್ಪಿಗೆ ನಾನು ಕೇಳಿದೀನಿ,” ಅಂದಳು ಯೊಕ್ ಲಿನ್.

“ನಿಂದೇನು ತಪ್ಪು?”

“ಅಕ್ಕ, ಬೇಡ ಬಿಡಿ,” ಎಂದ ಜುನೈದಿ. ಅವಳು ಬಿಡಲಿಲ್ಲ.

“ಕೊಂಬೆ ಕಡೀರಿ ಅಂದಿದ್ದು ನಾನು. ಎಲೆ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಗಿತ್ತು. ನಿಮಗೆ ಹೇಳಿದ್ರೆ ಕಿವಿ ಮೇಲೆ ಹಾಕ್ಕೊಳ್ಲಿಲ್ಲ. ಪಾಪ, ನಿಮ್ಮ ಬೈಗುಳ ಎಲ್ಲ ಇವರು ತಿಂದ್ರು.”

ನನ್ನ ಸಿಟ್ಟಿಗೆ ಈಗ ನಿಲ್ಲಲು ಜಾಗವೇ ಇರಲಿಲ್ಲ. ಆದರೂ ಜುನೈದಿಯ ಮೇಲೇ ಎಗರಿದೆ.

“ಅವತ್ತೇ ಹೇಳೋಕೇನಾಗಿತ್ತಯ್ಯ ನಿನಗೆ?”

“ಹೇಳಿದ್ರೆ ಅಕ್ಕನ ಜೊತೆ ಮಾತು ಬಿಡ್ತಿದ್ರಿ. ಆಮೇಲೆ ನಿಮಗೆ ಅನ್ನ ಹಾಕೋರು ಯಾರು ಮೇಷ್ಟ್ರೇ?”

ಹಾಗೆಂದು ಪಾತ್ರೆಯ ಮುಚ್ಚಳ ತೆಗೆದ. ತೆಂಗಿನ ಹಾಲಿನ ಮಸಾಲೆಯಲ್ಲಿ ಬತ್ತಿಸಿದ ಕೋಳಿಯ ರೆಂಡಾಂಗ್. ಹಬ್ಬಕ್ಕೆ ಅವರು ಇದನ್ನು ದನದ ಮಾಂಸದಲ್ಲಿ ಮಾಡುವುದು ರೂಢಿ. ಯೊಕ್ ಲಿನ್ ಕುವಾನ್ ಯಿನ್ ದೇವಿಗೆ ನಡೆದುಕೊಳ್ಳುವವಳು, ದನದ ಮಾಂಸ ಮುಟ್ಟುವುದಿಲ್ಲ. ಮಾತು ಬಿಟ್ಟ ವರ್ಷವೂ ರೊಹಾನಾ ಅವಳಿಗೆಂದು ಬೇರೆ ಒಲೆಯಲ್ಲಿ ಮಾಡಿಟ್ಟಿದ್ದಳು.

“ಜುನೈದಿ...” ಎಂದೆ. ಬೀದಿಗೆಲ್ಲ ಒಕ್ಕಣೆ ಬರೆದ ನಾನು ಕೈಯಲ್ಲಿದ್ದ ಕಾರ್ಡನ್ನು ಹಿಂದೆ ಮುಂದೆ ತಿರುಗಿಸತೊಡಗಿದೆ.

“ಬಾಯಿಗೆ ಬರದಿದ್ರೆ ಕಾರ್ಡ್ ನೋಡ್ಕೊಂಡು ಹೇಳಿ,” ಅಂದಳು ಯೊಕ್ ಲಿನ್.

ನೋಡಿಕೊಂಡೇ ಹೇಳಿದೆ.