ಮುಚ್ಚಿದ ಅಂಗಡಿಯಲ್ಲಿ ಎರಡನೆಯ ಚರಣ

ನಮ್ಮ ಮನೆಯಲ್ಲಿ ಯಾರಿಗೂ ಯಾವ ಹಾಡೂ ಪೂರ್ತಿ ಬರುವುದಿಲ್ಲ. ಇದರಲ್ಲೇನು ವಿಶೇಷ, ಎಲ್ಲರ ಮನೆಯ ದೋಸೆಯೂ ತೂತೇ ಎನ್ನಬೇಡಿ. ನಮ್ಮ ತೂತು ಬೇರೆ. ನಮಗೆ ಸಾವಿರಾರು ಹಾಡುಗಳ ಮೊದಲ ಅರ್ಧ ನಿಮಿಷ ಬರುತ್ತದೆ. ಅಷ್ಟು ಮಾತ್ರ ತಾಳ ತಪ್ಪದೆ, ರಾಗ ಜಾರದೆ, ನಡುವಿನ ಕೊಳಲಿನ ಸಮೇತ ಬರುತ್ತದೆ. ಅಲ್ಲಿಂದಾಚೆಗೆ ಬರೀ ಕತ್ತಲೆ. ನಮ್ಮ ಶಾಲೆಯ ಅಂತ್ಯಾಕ್ಷರಿಯಲ್ಲಿ ಶಿಕ್ಷಕಿಯರ ತಂಡಕ್ಕೆ ನಾನೇ ಬ್ರಹ್ಮಾಸ್ತ್ರ. ಗೆದ್ದ ಮೇಲೆ ಹೆಡ್‌ಮಾಸ್ತರರು "ಈಗ ಒಂದು ಹಾಡು ಪೂರಾ ಹಾಡ್ರಿ ಅಕ್ಕಾರ" ಎಂದರೆ ಮಾತ್ರ ನನಗೆ ತಕ್ಷಣ ಕೆಮ್ಮು ಹತ್ತುತ್ತದೆ. ಮದುವೆಯಾದ ಹೊಸದರಲ್ಲಿ ನಮ್ಮ ಮನೆಯವರು ನನ್ನ ಕಡೆ ನೋಡುತ್ತ ಒಂದು ಪ್ರೇಮಗೀತೆಯ ಮೊದಲ ಸಾಲು ಗುನುಗಿ, ಸರಕ್ಕನೆ ನಿಲ್ಲಿಸಿ ಪೇಪರ್ ಓದತೊಡಗುತ್ತಿದ್ದರು. ಎಷ್ಟು ನಾಚಿಕೆಯ ಸ್ವಭಾವ ಎಂದು ನಾನು ಕರಗಿಹೋಗಿದ್ದೆ. ಅವರಿಗೆ ಅದಕ್ಕಿಂತ ಮುಂದೆ ಬರುತ್ತಿರಲಿಲ್ಲ ಎಂಬುದು ತಿಳಿಯುವ ಹೊತ್ತಿಗೆ ನನ್ನ ಬಾಯಿಗೂ ಅದೇ ರೋಗ ಅಂಟಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಮನೆಯ ಕೆಳಗಿನ ಅಂಗಡಿ. ಸಿಂದಗಿಯ ಹಳೆಯ ಬಜಾರಿನಲ್ಲಿ ನಮ್ಮದು ಮೇಲಂತಸ್ತಿನ ಬಾಡಿಗೆ ಮನೆ. ಕೆಳಗೆ ದಸ್ತಗೀರಸಾಬರ ಕೋಗಿಲ ಕ್ಯಾಸೆಟ್ ಸೆಂಟರ್. ದಸ್ತಗೀರಸಾಬರದು ಒಂದು ನೇಮ. ಗಿರಾಕಿಗೆ ಕ್ಯಾಸೆಟ್ ಕೊಡುವ ಮೊದಲು ಸೆಟ್ಟಿಗೆ ಹಾಕಿ, ಅರ್ಧ ನಿಮಿಷ ಕೇಳಿಸಿ, ಟಕ್ಕನೆ ನಿಲ್ಲಿಸಿ, ಆಮೇಲೆ ಕಾಗದದಲ್ಲಿ ಸುತ್ತಿ ಕೊಡಬೇಕು. "ಹಾಡ ಅಂದ್ರ ಕಲ್ಲಂಗಡಿ ಇದ್ದಂಗ ರೀ, ಕೊಯ್ದು ತೋರಿಸೇ ಕೊಡಬೇಕು" ಎನ್ನುತ್ತಿದ್ದರು. ಕೊಯ್ದ ಹೋಳು ನಮ್ಮ ಪಾಲಿಗೆ, ಇಡೀ ಹಣ್ಣು ಗಿರಾಕಿಯ ಮನೆಗೆ. ಆ ಕಾಲದಲ್ಲಿ ಅಂಗಡಿಯ ಹೊರಗಿನ ಸ್ಪೀಕರಿಗೆ ತಂತಿ ಎಳೆಯಲು ನಮ್ಮ ಅಡುಗೆಮನೆಯ ಮೂಲೆಯಲ್ಲಿ, ಜೋಳದ ಡಬ್ಬಿಯ ಪಕ್ಕ, ನೆಲಕ್ಕೊಂದು ತೂತು ಕೊರೆದಿದ್ದರು. ತಂತಿ ಹೋದರೂ ತೂತು ಉಳಿಯಿತು. ನಮ್ಮತ್ತೆ ರೊಟ್ಟಿ ಬಡಿಯುತ್ತಿದ್ದದ್ದು ಆ ತೂತಿನಿಂದ ಬಂದ ತಾಳಕ್ಕೇ. ಹಾಡು ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ಗಿರಾಕಿ ಕಡಿಮೆಯಿದ್ದ ದಿನ ನಮಗೆ ರೊಟ್ಟಿಯೂ ಕಡಿಮೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಒಂದು ಕಾಲಕ್ಕೆ ದಸ್ತಗೀರಸಾಬರದು ದೊಡ್ಡ ಸಾಮ್ರಾಜ್ಯ. ಇಂಡಿಯಲ್ಲಿ ಕೋಗಿಲ, ಮುದ್ದೇಬಿಹಾಳದಲ್ಲಿ ಕೋಗಿಲ, ಬಸವನ ಬಾಗೇವಾಡಿಯಲ್ಲೂ ಕೋಗಿಲ. ನನ್ನ ತವರು ನಾಲತವಾಡ. ನನ್ನ ಮದುವೆಯ ಹಂದರದಲ್ಲಿ ಕೂಗಿದ ಹಾಡುಗಳೂ ಮುದ್ದೇಬಿಹಾಳದ ಕೋಗಿಲದಿಂದಲೇ ಬಂದಿದ್ದವು, ಹೀಗಾಗಿ ಗಂಡನ ಮನೆಗಿಂತ ಮೊದಲೇ ಈ ಅಂಗಡಿಯ ಋಣ ನನಗೆ ಗಂಟುಬಿದ್ದಿತ್ತು. ಆಮೇಲೆ ಕ್ಯಾಸೆಟ್ ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ಬಂತು. ಪ್ರತಿ ಸಲವೂ ಅವರು ಬೋರ್ಡಿನ ಮೇಲೆ ಹೊಸ ಬಣ್ಣ ಬಳಿಸಿದರು. ಕಡೆಗೆ ಎಲ್ಲರ ಕಿಸೆಯಲ್ಲೂ ಪುಕ್ಕಟೆ ಹಾಡುವ ಫೋನು ಬಂದಾಗ ಬಳಿಯಲು ಬಣ್ಣ ಉಳಿಯಲಿಲ್ಲ. ಮುದ್ದೇಬಿಹಾಳದ ಕೋಗಿಲ ಗೊಬ್ಬರದ ಅಂಗಡಿಯಾಯಿತು, ಇಂಡಿಯದು ಚಹಾದ ಹೋಟೆಲಾಯಿತು, ಬಾಗೇವಾಡಿಯದರ ಬೀಗವನ್ನು ಕಟ್ಟಡದ ಮಾಲೀಕರೇ ಹಾಕಿಕೊಂಡರು. ಈ ಬೇಸಿಗೆಯ ಮೊದಲಿಗೆ ಸಿಂದಗಿಯ ಕೋಗಿಲವೂ ದಿವಾಳಿ ಎದ್ದಿತು. ಷಟರ್ ಕೆಳಗೆ ಬಂತು. ಕರೆಂಟಿನವರು ಬಂದು ತಂತಿ ಕತ್ತರಿಸಿ ಹೋದರು. ದಸ್ತಗೀರಸಾಬರು ವಿಜಯಪುರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾರೆ, ಮುಂಜಾನೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಾರೆ ಎಂದು ಅವರ ಹೆಂಡತಿ ನಮ್ಮತ್ತೆಗೆ ಹೇಳಿದರು. ಅಂದು ಅತ್ತೆ ಬಡಿದ ರೊಟ್ಟಿಗಳೆಲ್ಲ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ ಬಂದವು.

ಶಾಲೆಗೆ ರಜೆ ಬಿತ್ತು. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನವನ್ನು ನೀವು ನೋಡಿರಬೇಕು. ಬಜಾರಿನ ಷಟರುಗಳೆಲ್ಲ ಅರ್ಧಕ್ಕಿಳಿದು, ನಾಯಿ ಕೂಡ ಬೊಗಳುವ ಉಸಾಬರಿಗೆ ಹೋಗದೆ ಗಟಾರದ ತಂಪಿನಲ್ಲಿ ಬಿದ್ದುಕೊಂಡಿರುತ್ತದೆ. ರಾತ್ರಿಯ ದೆವ್ವಕ್ಕಾದರೂ ಹೊತ್ತು ಗೊತ್ತು ಇರುತ್ತದೆ, ಮಟಮಟ ಮಧ್ಯಾಹ್ನದ್ದು ಬಲು ಕೆಟ್ಟದ್ದು ಎಂದು ನಮ್ಮತ್ತೆ ಹೇಳುತ್ತಿದ್ದರು. ನಾನು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುವವಳು, ಕೇಳಿ ನಗುತ್ತಿದ್ದೆ. ಅಂಥದೊಂದು ಮಧ್ಯಾಹ್ನ ಅತ್ತೆ ಪಡಸಾಲೆಯಲ್ಲಿ ಮಲಗಿದ್ದರು, ನಾನು ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದೆ. ಮೂಲೆಯ ತೂತಿನಿಂದ ಸಣ್ಣಗೆ ಹಾಡು ಬಂತು.

ಮೊದಲು ನನಗೇನೂ ಅನ್ನಿಸಲಿಲ್ಲ. ಇಷ್ಟು ವರ್ಷ ಬಂದ ಹಾಡು, ಇವತ್ತೂ ಬಂತು. ಕೈ ತನ್ನ ಪಾಡಿಗೆ ತಾಳಕ್ಕೆ ಕಡೆಯತೊಡಗಿತು. ಆಮೇಲೆ ನೆನಪಾಯಿತು, ಕೆಳಗೆ ಅಂಗಡಿಯಿಲ್ಲ, ಕರೆಂಟಿಲ್ಲ, ಮನುಷ್ಯರೇ ಇಲ್ಲ. ಕಡಗೋಲು ನಿಲ್ಲಿಸಿದೆ. ಆದರೂ ಧೈರ್ಯ ತಂದುಕೊಂಡೆ, ಎಲ್ಲಿಂದಲೋ ಬಂದಿರಬೇಕು, ಅರ್ಧ ನಿಮಿಷಕ್ಕೆ ನಿಲ್ಲುತ್ತದೆ ಎಂದು. ಹಾಡು ನಿಲ್ಲಬೇಕಾದ ಜಾಗಕ್ಕೆ ಬಂತು. ನಿಲ್ಲಲಿಲ್ಲ. ನಾನು ಹುಟ್ಟಿದಾಗಿನಿಂದ ಕೇಳದ ಸಾಲುಗಳನ್ನು ಗಂಡಸಿನ ದನಿಯೊಂದು ಮೆಲ್ಲಗೆ, ಯಾರಿಗೂ ಹೇಳದ ಗುಟ್ಟನ್ನು ಹೇಳುವಂತೆ, ಹಾಡುತ್ತ ಹೋಯಿತು. ಎರಡನೆಯ ಚರಣ ಎಂದರೆ ಇಷ್ಟು ಭಯಂಕರವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಪಡಸಾಲೆಯಿಂದ ಅತ್ತೆ "ಯಾವನಾಂವ?" ಎಂದು ಒದರಿದರು. ಹಾಡು ಕತ್ತರಿಸಿದಂತೆ ನಿಂತಿತು. ಅವರು ಎದ್ದು ಬಂದಾಗ ಮೂಲೆಯಲ್ಲಿ ನಾನೊಬ್ಬಳೇ ಕಡಗೋಲು ಹಿಡಿದು ನಿಂತಿದ್ದೆ.

ಮರುದಿನವೂ ಹೀಗೇ ಆಯಿತು, ಅದರ ಮರುದಿನವೂ. ಅತ್ತೆ ತೂತಿನ ಮೇಲೆ ಅರಿಶಿಣ ಕುಂಕುಮ ಹಚ್ಚಿದ ನಿಂಬೆಹಣ್ಣು ಇಟ್ಟರು. ದನಿ ನಿಂಬೆಹಣ್ಣಿನ ಸಂದಿಯಿಂದಲೇ ಬಂತು. ನಾನು ಬಜಾರಿಗೆ ಹೋಗುವ ನೆಪದಲ್ಲಿ ಷಟರ್ ನೋಡಿಬಂದೆ. ಬೀಗದ ಮೇಲೆ ಧೂಳು ಹಾಗೇ ಇತ್ತು, ಜೇಡ ಬಲೆ ಕಟ್ಟಿತ್ತು. ಅತ್ತೆ ತಮ್ಮ ತೀರ್ಪು ಕೊಟ್ಟರು. "ಮಾರಾಟ ಆಗಲಾರದ ಹಾಡಿಗೆ ಮುಕ್ತಿ ಎಲ್ಲೈತಿ? ಅಷ್ಟೂ ಒಳಗ ಸಿಕ್ಕೊಂಡಾವ. ನನಗ ಈ ಮನಿ ಬ್ಯಾಡ. ಅಮಾಸಿ ಬರೂದ್ರೊಳಗ ಬಿಡಬೇಕು." ನಮ್ಮ ಮನೆಯವರು ತಾಯಿಯ ಮಾತನ್ನು ಎಂದೂ ತೆಗೆದುಹಾಕಿದವರಲ್ಲ. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಒಂದು ಮನೆ ನೋಡಿಯೂ ಬಂದರು.

ನನಗೆ ಅಳು ಬಂತು. ಈ ಮನೆಯ ಗಚ್ಚು ಉದುರುತ್ತದೆ, ನೀರು ದಿನ ಬಿಟ್ಟು ದಿನ ಬರುತ್ತದೆ, ಆದರೂ ನನ್ನ ಸಂಸಾರ ನಡೆದದ್ದು ಇಲ್ಲೇ. ಮಾಳಿಗೆಯ ಮೇಲೆ ನಿಂತರೆ ಇಡೀ ಬಜಾರು ನನ್ನನ್ನು ಅಕ್ಕಾರ ಎಂದು ಮಾತಾಡಿಸುತ್ತದೆ. ಬಡಾವಣೆಯಲ್ಲಿ ಜಾಲಿಯ ಗಿಡಗಳ ಜೊತೆ ಮಾತಾಡಬೇಕು. ದೆವ್ವದ ಭಯ ಒಂದು ಕಡೆ, ಮನೆ ಬಿಡುವ ಸಂಕಟ ಇನ್ನೊಂದು ಕಡೆ. ತೂಗಿ ನೋಡಿದರೆ ಸಂಕಟವೇ ಹೆಚ್ಚಾಯಿತು. ಒಂದು ಮಧ್ಯಾಹ್ನ ಹಾಡು ಶುರುವಾದದ್ದೇ ಲಟ್ಟಣಿಗೆ ಹಿಡಿದು ಹಿಂದಿನ ಮೆಟ್ಟಿಲಿಳಿದೆ.

ಅಂಗಡಿಗೆ ಹಿಂದಿನ ಸಂದಿಯಲ್ಲಿ ಒಂದು ಸಣ್ಣ ಬಾಗಿಲುಂಟು. ಅದಕ್ಕೆ ಹೊರಗಿನಿಂದ ಬೀಗವಿರಲಿಲ್ಲ. ದೂಡಿ ನೋಡಿದೆ, ಒಳಗಿನಿಂದ ಅಗಳಿ ಹಾಕಿತ್ತು. "ಯಾರದಾರ ಒಳಗ?" ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಒಳಗಿದ್ದದ್ದಕ್ಕೆ ಕೇಳಿಸಿತು. ಹಾಡು ನಿಂತಿತು. ಆ ನಿಶ್ಶಬ್ದದಲ್ಲಿ ಏನೋ ನೆಲದ ಮೇಲೆ ಸರಪರ ಸರಿಯಿತು, ಬಾಗಿಲ ಹತ್ತಿರ ಬಂತು, ಅಗಳಿ ಕಿರುಗುಟ್ಟಿತು. ನಾನು ಲಟ್ಟಣಿಗೆ ಎತ್ತಿ ಹಿಡಿದೆ. ಬಾಗಿಲ ಸಂದಿಯಲ್ಲಿ ಒಂದು ಬಿಳಿ ಗಡ್ಡ ಕಂಡಿತು.

"ಅಕ್ಕಾರ, ನಾನರಿ. ಲಟ್ಟಣಗಿ ಕೆಳಗ ಇಳಸ್ರಿ," ಎಂದರು ದಸ್ತಗೀರಸಾಬರು.

ಒಳಗೆ ಕಣ್ಣಿಗೆ ಕಣ್ಣು ಕಾಣದ ಕತ್ತಲೆ. ಸ್ವಲ್ಪ ಹೊತ್ತಿಗೆ ಗೋಡೆಯ ತುಂಬ ಮುಖಗಳು ಮೂಡಿದವು. ಕ್ಯಾಸೆಟ್ಟುಗಳ ಮೇಲಿನ ನಟ ನಟಿಯರು, ಅರ್ಧಕ್ಕರ್ಧ ಈಗ ಬದುಕಿಲ್ಲದವರು, ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ನೆಲದ ಮೇಲೆ ಶೆಲ್ಲು ಹಾಕಿ ನಡೆಸುವ ಹಳೆಯ ಟೇಪ್ ರಿಕಾರ್ಡರ್, ಪಕ್ಕದಲ್ಲಿ ಬಿಚ್ಚಿದ ಬುತ್ತಿ ಡಬ್ಬಿ. ಟೇಪಿನ ದನಿ ಸಣ್ಣದು, ಮೇಲೆ ನಮಗೆ ಕೇಳಿಸುತ್ತಿದ್ದದ್ದು ಅದರ ಜೊತೆ ಹಾಡುತ್ತಿದ್ದ ಇವರ ದನಿ.

"ವಿಜಯಪುರಕ್ಕ ಹೋಗಿಲ್ಲೇನ್ರಿ ದಸ್ತಗೀರಣ್ಣ?" ಎಂದೆ.

"ಹೋಗಿದ್ದೆರಿ. ಸೀರಿ ತೋರಸೂ ಕೆಲಸ ಕೊಟ್ಟಿದ್ರು. ನಾ ಒಂದು ಗೇಣು ಬಿಚ್ಚಿ ತೋರಿಸಿ, ಮಡಚಿ, ಕಾಗದದಾಗ ಸುತ್ತಿ ಕೊಡಾಕ ಹೋಗ್ತಿದ್ದೆ. ಹೆಣ್ಮಕ್ಕಳು ಸೆರಗು ತೋರಸ್ರಿ ಅಂದ್ರೂ ಕೈ ಮುಂದ ಹೋಗವಲ್ದು. ಮಾಲೀಕ ನೋಡಿದ, ನಾಳಿಂದ ಬರಬ್ಯಾಡ್ರಿ ಅಂದ."

ನನಗೆ ನಗು ಬಂತು, ನಗಲು ಆಗಲಿಲ್ಲ.

"ಮನ್ಯಾಗ ಹೆಂಗ ಹೇಳ್ಲಿ ಹೇಳ್ರಿ? ಪಾಪ, ಆಕಿ ಮುಂಜಾನೆ ಎದ್ದು ಬುತ್ತಿ ಕಟ್ಟತಾಳ. ಬಸ್‌ಸ್ಟ್ಯಾಂಡ್ ತನಕ ಹೋಗಿ ಸಂದ್ಯಾಗ ಹಾದು ಇಲ್ಲಿ ಬಂದು ಕುಂದರತೇನಿ. ಜಿಂದಗಿ ಪೂರಾ ಹಾಡ ಮಾರಿದೆ, ಅಕ್ಕಾರ. ಒಂದೂ ಪೂರಾ ಕೇಳಲಿಲ್ಲ. ಗುಜರಿಯವ ಬಂದು ಎಲ್ಲಾ ತೂಕಕ್ಕ ಒಯ್ಯೂದ್ರೊಳಗ ಒಂದೊಂದ ಮುಗಸಾಕತ್ತೇನಿ. ಬ್ಯಾರೆ ಕೆಲಸ ಸಿಗೂತನಕ ಯಾರಿಗೂ ಹೇಳಬ್ಯಾಡ್ರಿ."

ಹೇಳುವುದಿಲ್ಲ ಎಂದು ಮಾತು ಕೊಟ್ಟು ಮೆಟ್ಟಿಲು ಹತ್ತುವಾಗ ತಿಳಿಯಿತು, ನಾನು ಇಕ್ಕಟ್ಟಿನಲ್ಲಿ ಸಿಕ್ಕಿದ್ದೆ. ಹೇಳಿದರೆ ಆ ಮುದುಕನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಮನೆ ಹೋಗುತ್ತದೆ. ಸಂಜೆ ನಮ್ಮ ಮನೆಯವರು ಬಡಾವಣೆಯ ಮನೆಗೆ ಮುಂಗಡ ಕೊಡಲು ಚಪ್ಪಲಿ ಮೆಟ್ಟಿದಾಗ ನನ್ನ ಬಾಯಿಂದ ತಾನಾಗಿ ಬಂತು.

"ಹಾಡತಿದ್ದಾಕಿ ನಾನರಿ."

"ನೀನಾ?" ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅದು ಗಂಡಸ ಧ್ವನಿ ಐತಿ."

"ಮಕ್ಕಳಿಗೆ ಒದರಿ ಒದರಿ ನನ್ನ ಧ್ವನಿ ಎಲ್ಲಿ ಉಳದೈತ್ರಿ ಅತ್ತಿ? ನೀವು ಬಂದಾಗೆಲ್ಲ ಆ ಮೂಲ್ಯಾಗ ನಿಂತಾಕಿ ಯಾರು? ನಾನೇ ಹೌದಲ್ಲ? ನಾಚಿಕಿ ಬಂದು ಹೇಳಲಿಲ್ಲ."

ಅತ್ತೆ ಯೋಚನೆಗೆ ಬಿದ್ದರು. ನಮ್ಮ ಮನೆಯವರು ಚಪ್ಪಲಿ ಬಿಟ್ಟು ಬಂದು "ಹಂಗಾದ್ರ ಈಗೊಂದು ಹಾಡು" ಎಂದರು. ಹಾಡಿದೆ. ಅರ್ಧ ನಿಮಿಷ ಚೆನ್ನಾಗಿಯೇ ಹಾಡಿದೆ. ಆಮೇಲೆ ಕೆಮ್ಮು ಬಂತು.

"ಅದು ಪೂರಾ ಹಾಡತಿತ್ತು," ಎಂದರು ಅತ್ತೆ.

"ಗಂಟಲು ಕಟ್ಟೇತ್ರಿ. ಆರಾಮ ಆದ ಮ್ಯಾಲ ಪೂರಾ ಹಾಡ್ತೇನಿ."

ಮುಂಗಡ ಕೊಡುವುದು ಅಮಾವಾಸ್ಯೆಯ ಹಿಂದಿನ ದಿನದವರೆಗೆ ಮುಂದೆ ಹೋಯಿತು. ಅಷ್ಟರೊಳಗೆ ನಾನು ಒಂದಾದರೂ ಹಾಡನ್ನು ಪೂರ್ತಿ ಕಲಿಯಬೇಕು. ಕಲಿಸುವವರು ಊರಲ್ಲಿ ಒಬ್ಬರೇ. ಹೀಗಾಗಿ ಈಗ ದಿನಾ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ, ಪಕ್ಕದ ಮನೆಯವರಿಗೆ ಸಂಡಿಗೆ ಇಡಲು ಹೋಗುತ್ತೇನೆಂದು ಹೇಳಿ ಹಿಂದಿನ ಸಂದಿಗೆ ಇಳಿಯುತ್ತೇನೆ. ದಸ್ತಗೀರಸಾಬರು ಅಗಳಿ ತೆಗೆಯುತ್ತಾರೆ. ಆ ಕತ್ತಲಲ್ಲಿ, ಗೋಡೆಯ ಮುಖಗಳ ಎದುರಿಗೆ, ಮಕ್ಕಳಿಗೆ ಕಲಿಸುವ ನಾನು ಮಕ್ಕಳಂತೆ ಚರಣ ಒಪ್ಪಿಸುತ್ತೇನೆ. ನಮ್ಮ ಮನೆಯವರು ಗುನುಗುತ್ತಿದ್ದ ಹಾಡನ್ನೇ ಆರಿಸಿಕೊಂಡಿದ್ದೇನೆ. ಅದರ ಎರಡನೆಯ ಚರಣದಲ್ಲಿ ಹುಡುಗ ಹುಡುಗಿಯನ್ನು ಬಿಟ್ಟು ಊರಿಗೆ ಹೋಗುತ್ತಾನೆ. ಅಲ್ಲಿಯವರೆಗೆ ಹೋಗದೆ ಪೇಪರ್ ಓದಿದ್ದೇ ನಮ್ಮ ಸಂಸಾರಕ್ಕೆ ಒಳ್ಳೆಯದಾಯಿತು. ದಸ್ತಗೀರಸಾಬರು ಸಮಾಧಾನದ ಮನುಷ್ಯರು, ಆದರೆ ನಾನು ಮೇಲಿನ ಸ್ವರ ಹಿಡಿದಾಗ ಅವರೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ನಿನ್ನೆ ಪಾಠ ಮುಗಿಸಿ ಮೇಲೆ ಬಂದರೆ ಅತ್ತೆ ಅಡುಗೆಮನೆಯ ಮೂಲೆಯಲ್ಲಿ, ತೂತಿನ ಪಕ್ಕದಲ್ಲಿ ಕೂತಿದ್ದರು. ನಿಂಬೆಹಣ್ಣನ್ನು ಅವರೇ ತೆಗೆದಿಟ್ಟಿದ್ದರು. ಮುಖ ಬಿಳಿಚಿತ್ತು. ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು.

"ಯವ್ವಾ, ನೀ ನಮಗ ಧೈರ್ಯ ಬರಲಿ ಅಂತ ಸುಳ್ಳ ಹೇಳೀದಿ, ನನಗ ತಿಳೀತು. ನೀ ಸಂಡಿಗಿಗೆ ಹೋದಾಗೂ ಹಾಡತಾವ. ಈಗ ಒಂದಲ್ಲ, ಎರಡ ಅದಾವ."

ಅತ್ತೆ ನನ್ನ ಕೈ ಬಿಡದೆ ಮುಂದುವರಿಸಿದರು.

"ಮೊದಲಿಂದು ಇರಲಿ ಬಿಡು. ಪಾಪ, ಛಲೋ ಹಾಡತೈತಿ, ಯಾರಿಗೂ ತ್ರಾಸ ಇಲ್ಲ. ಅದರ ಸಲುವಾಗಿ ಮನಿ ಬಿಡೂದೇನೂ ಬ್ಯಾಡ. ಆದ್ರ ಆ ಎರಡನೇದು ಐತಲ್ಲ, ಹೆಣ್ಣು, ಬಲು ಕೆಟ್ಟ ಸತ್ತಿರಬೇಕು ಅದು. ಅದನ್ನಷ್ಟ ಬಿಡಸಾಕ ಯಾರನ್ನರ ಕರಸೂಣು."

ನಮ್ಮ ಮನೆಯವರು ಹಲಸಂಗಿ ಕಡೆಯಿಂದ ಮಂತ್ರಿಸುವವರೊಬ್ಬರನ್ನು ಗೊತ್ತು ಮಾಡಿ ಬಂದಿದ್ದಾರೆ. ನಾಳೆ ಮಧ್ಯಾಹ್ನ ಬರುತ್ತಾರಂತೆ. ಪೂಜೆಯ ಸಾಮಾನು ನಾನೇ ತಂದಿಟ್ಟಿದ್ದೇನೆ. ಎಲ್ಲರ ಜೊತೆ ಕೈ ಮುಗಿದು ನಿಂತು ನನ್ನನ್ನೇ ಓಡಿಸುವುದನ್ನು ನೋಡಬೇಕು. ಓಡಿಹೋದೆನೋ ಇಲ್ಲವೋ ಎಂದು ಅತ್ತೆ ಕೇಳಿದರೆ, ಮನೆಯ ಸೊಸೆಯಾಗಿ ಸಾಕ್ಷಿ ಹೇಳಬೇಕಾದವಳೂ ನಾನೇ.